ಕಾಫಿಯ ಗುಣ: ಗಿರಾಕಿಗೆ ಏನು ಹೇಳೋಣ?



ಕಾಫಿ ಆರೋಗ್ಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಗಿರಾಕಿಗಳು ಗಲ್ಲಾ ಮುಂದೆ ನಿಂತು ಕೇಳುತ್ತಾರೆ. ಉತ್ತರ ನಮಗೆ ಗೊತ್ತಿರಬೇಕು.

ಕಾಫಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಆ್ಯಂಟಿಆಕ್ಸಿಡೆಂಟ್ ಇದೆ. ಬೀಜ ಹುರಿದು ಕಪ್ಪಾದಷ್ಟೂ ಅದು ಕಡಿಮೆಯಾಗುತ್ತದೆ. ಆದ್ದರಿಂದ ಹದವಾಗಿ ಹುರಿದ ಪುಡಿಯೇ ಮೇಲು. ಚಿಕೋರಿ ಬಣ್ಣ, ಗಟ್ಟಿತನ ಕೊಡುತ್ತದೆ, ಆದರೆ ಅದು ಕಾಫಿಯಲ್ಲ. ಕಾನೂನಿನ ಪ್ರಕಾರ ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು. ಪ್ಯಾಕೆಟ್ ಮೇಲಿನ ಪ್ರಮಾಣ ನೋಡಿಯೇ ಕೊಳ್ಳಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1991ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಗೆ ಸೇರಿಸಿ, 2016ರಲ್ಲಿ ಅದರಿಂದ ತೆಗೆಯಿತು. ಆದರೆ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವ ಪಾನೀಯವೂ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದೆಂದು ಎಚ್ಚರಿಸಿತು. ಆದ್ದರಿಂದ ಲೋಟದ ಜೊತೆ ಡವರಾ ತಪ್ಪದೆ ಕೊಡಿ. ನಾಲ್ಕು ಸಲ ಎತ್ತಿ ಹೊಯ್ದರೆ ಬಿಸಿ ತಗ್ಗುತ್ತದೆ.

ಊಟದ ಜೊತೆಗೇ ಕಾಫಿ ಕುಡಿದರೆ ಆಹಾರದ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ರಕ್ತ ಕಡಿಮೆಯಿರುವವರಿಗೆ, ಒಂದು ತಾಸು ಬಿಟ್ಟು ಕುಡಿಯಿರಿ ಎನ್ನಿ. ಗರ್ಭಿಣಿಯರು ದಿನಕ್ಕೆ 200 ಮಿ.ಗ್ರಾಂ. ಕೆಫೀನ್ ಮೀರಬಾರದು.

‘ನಮ್ಮ ಕಾಫಿ ರೋಗ ನಿವಾರಕ’ ಎಂದು ಮಾತ್ರ ಬೋರ್ಡು ಹಾಕಬೇಡಿ. ಕಾಫಿ ಔಷಧಿಯಲ್ಲ. ಒಳ್ಳೆಯ ಪುಡಿ, ತಾಜಾ ಡಿಕಾಕ್ಷನ್, ಕಡಿಮೆ ಸಕ್ಕರೆ, ಇಷ್ಟು ನಮ್ಮ ಕೈಯಲ್ಲಿದೆ.