ಕೈ ತಿದ್ದಿಸುವ ಯಂತ್ರ

ನಾವು ಅಕ್ಷರ ಕಲಿತದ್ದು ಹೇಗೆ? ನೆನಪು ಮಾಡಿಕೊಳ್ಳೋಣ. ಮೊದಲ ದಿನ ಬಳಪ ಹಿಡಿದರೆ ಕೈ ನಡುಗಿತು. ‘ರ’ ಬರೆಯಲು ಹೋದರೆ ಸೊಟ್ಟಗಾಯಿತು. ಕಲಿಸುವವರು ಕೈ ಹಿಡಿದು ತಿದ್ದಿಸಿದರು. ನೂರು ಸಲ ತಿದ್ದಿದೆವು. ಆಮೇಲೆ ಕೈ ತಾನಾಗಿ ಓಡಿತು.

ಲಕ್ವ ಹೊಡೆದ ಕೈಗೂ ಇಂಥದೇ ಪಾಠ ಬೇಕು.

ಲಕ್ವ ಅಂದರೆ ಏನು? ಕೆಲವರು ಗಾಳಿ ಸೋಕಿತು ಅಂತಾರೆ. ಅದು ಗಾಳಿಯಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುತ್ತದೆ, ಇಲ್ಲವೇ ಒಡೆಯುತ್ತದೆ. ಮೆದುಳಿನ ಒಂದು ಭಾಗ ಕೆಡುತ್ತದೆ. ಎಡ ಮೆದುಳಿಗೆ ಪೆಟ್ಟಾದರೆ ಬಲಗೈ ಸೋಲುತ್ತದೆ. ಬಲ ಮೆದುಳಿಗಾದರೆ ಎಡಗೈ. ಕೈಯಲ್ಲಿ ಮೂಳೆ ಇದೆ, ಮಾಂಸ ಇದೆ. ಆದರೆ ‘ಏಳು’ ಅಂತ ಅದಕ್ಕೆ ಹೇಳುವವರಿಲ್ಲ.

ಮೆದುಳಿನ ಉಳಿದ ಭಾಗ ಆ ಕೆಲಸ ಕಲಿಯಬಲ್ಲದು. ಅದಕ್ಕೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಬೇಕು. ಅಷ್ಟು ಸಲ ಮಾಡಿಸುವವರಿಗೂ ದಣಿವಾಗುತ್ತದಲ್ಲ!

ಅದಕ್ಕೇ ಅಮೆರಿಕ ದೇಶದಲ್ಲಿ ಒಂದು ಯಂತ್ರ ಮಾಡಿದರು. ಎಂಐಟಿ ಎಂಬ ವಿದ್ಯಾಸಂಸ್ಥೆಯ ನೆವಿಲ್ ಹೋಗನ್, ಹರ್ಮಾನೊ ಇಗೊ ಕ್ರೆಬ್ಸ್ ಮತ್ತು ಜೊತೆಗಾರರು ಮಾಡಿದರು. ಅದರ ಹೆಸರು ಎಂಐಟಿ-ಮ್ಯಾನಸ್. 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಬರ್ಕ್ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಪರೀಕ್ಷೆ ಶುರುವಾಯಿತು.

ರೋಗಿ ಮೇಜಿನ ಮುಂದೆ ಕೂರುತ್ತಾರೆ. ಯಂತ್ರದ ತೋಳಿಗೆ ಅವರ ಕೈ ಕಟ್ಟುತ್ತಾರೆ. ಎದುರಿಗೆ ಟಿವಿಯಂಥ ಪರದೆ. ಅದರಲ್ಲಿ ಒಂದು ಚುಕ್ಕಿ. ಕೈಯನ್ನು ಸರಿಸಿ ಚುಕ್ಕಿ ಮುಟ್ಟಬೇಕು. ಕೈ ಓಡಿದರೆ ಯಂತ್ರ ಸುಮ್ಮನಿರುತ್ತದೆ. ಕೈ ಸೋತರೆ ಮೆಲ್ಲಗೆ ನೂಕುತ್ತದೆ. ಒಂದು ತಾಸಿನಲ್ಲಿ ಸುಮಾರು 1000 ಸಲ!

ಹಾಗಾದರೆ ಯಂತ್ರ ಮೇಲೋ, ಮನುಷ್ಯರ ಕೈ ಮೇಲೋ? 2010ರಲ್ಲಿ ಅಮೆರಿಕದ ಒಂದು ಪರೀಕ್ಷೆಯ ಫಲಿತಾಂಶ ಬಂತು. ಅದರಲ್ಲಿ 127 ರೋಗಿಗಳಿದ್ದರು. ಲಕ್ವ ಹೊಡೆದು ಆರು ತಿಂಗಳು ದಾಟಿತ್ತು. ಆದರೂ ಕೈ ಸ್ವಲ್ಪ ಸುಧಾರಿಸಿತು. ಯಂತ್ರದಷ್ಟೇ ಬಿಡದೆ ಮನುಷ್ಯರು ಮಾಡಿಸಿದಾಗಲೂ ಫಲ ಹೆಚ್ಚುಕಡಿಮೆ ಅಷ್ಟೇ. 2019ರಲ್ಲಿ ಬ್ರಿಟನ್ನಿನ 770 ರೋಗಿಗಳ ಪರೀಕ್ಷೆಯ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಯವರಿಗಿಂತ ಯಂತ್ರದವರ ಕೈ ಹೆಚ್ಚು ಕೆಲಸಕ್ಕೆ ಬರಲಿಲ್ಲ. ಚುಕ್ಕಿ ಮುಟ್ಟುವುದು ಬೇರೆ, ಲೋಟ ಎತ್ತುವುದು ಬೇರೆ!

ಯಂತ್ರ ಇಲ್ಲವೆಂದು ನಾವು ಕೊರಗಬೇಕಿಲ್ಲ. ಆಸ್ಪತ್ರೆಯಲ್ಲಿ ಕಸರತ್ತು ಕಲಿಸುವವರನ್ನು ಕೇಳೋಣ. ಅವರು ಹೇಳಿದಂತೆ ಮನೆಯಲ್ಲೂ ದಿನಾ ಮಾಡಿಸೋಣ. ಲೋಟ ಹಿಡಿಯುವುದು, ಗುಂಡಿ ಹಾಕುವುದು, ತುತ್ತು ಎತ್ತುವುದು. ಸೋತ ಕೈಯನ್ನು ಜಗ್ಗಬಾರದು. ಭುಜಕ್ಕೆ ನೋವಾಗುತ್ತದೆ.

“ಬಿಡವ್ವ, ನಾನೇ ಉಣಿಸ್ತೀನಿ” ಅಂತ ನಾವು ಹೇಳುತ್ತೇವೆ. ಅದು ಪ್ರೀತಿಯೇ. ಆದರೆ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಅವ್ವನ ಕೈ ಕಲಿಯೋದು ಯಾವಾಗ? ಎಲ್ಲರ ಕೈಯೂ ಮೊದಲಿನಂತೆ ಆಗುವುದಿಲ್ಲ, ನಿಜ. ಆದರೆ ಒಂದು ತುತ್ತು ತಾನೇ ಎತ್ತಿ ಉಂಡರೂ ಅದು ಅವ್ವನ ಗೆಲುವು.

ಹೇಳಿ ನೋಡೋಣ:
1. ಬಲಗೈ ಸೋತರೆ ಮೆದುಳಿನ ಯಾವ ಕಡೆ ಪೆಟ್ಟಾಗಿದೆ?
2. ಯಂತ್ರ ಯಾವಾಗ ಕೈಯನ್ನು ನೂಕುತ್ತದೆ?
3. ಸೋತ ಕೈಗೆ ಮನೆಯಲ್ಲಿ ಯಾವ ಯಾವ ಕೆಲಸ ಕೊಡಬಹುದು?