ಡಿ.ಜೆ. ಮುಂದೆ ಕೈ ಕೈ ಮಿಲಾಯಿಸದಂತೆ: ಗಣಪತಿ ಕಮಿಟಿಯವರಿಗೆ ಒಂದಿಷ್ಟು ತಯಾರಿ

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿರುವಂಥ ನೈಟ್‌ಕ್ಲಬ್ ಸಾಲು ಚಿತ್ರದುರ್ಗದಲ್ಲಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲೂ ಇಲ್ಲ. ಆದರೆ ಗಣೇಶ ಚೌತಿ ಬಂತೆಂದರೆ ತಿಂಗಳೊಪ್ಪತ್ತು ನಮ್ಮ ಬೀದಿಗಳೇ ಡ್ಯಾನ್ಸ್ ಫ್ಲೋರ್. ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಪೇರಿಸಿದ ಬಾಕ್ಸುಗಳು, ಹಿಂದೆ ಜನರೇಟರ್, ಮುಂದೆ ನೂರಿನ್ನೂರು ಹುಡುಗರು. ಚಿತ್ರದುರ್ಗದ ಹಿಂದೂ ಮಹಾಗಣಪತಿ ಶೋಭಾಯಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅದರ ಬಂದೋಬಸ್ತ್ ಜಿಲ್ಲಾ ಪೊಲೀಸರ ತಲೆನೋವು. ಈ ಲೇಖನ ಅದಕ್ಕಲ್ಲ. ಇಬ್ಬರು ಪೊಲೀಸರು, ಹತ್ತು ಜನ ಕಮಿಟಿಯವರು ಸೇರಿ ಸಂಭಾಳಿಸಬೇಕಾದ ಕೇರಿ ಗಣಪತಿ, ಜಾತ್ರೆಯ ರಸಮಂಜರಿ, ಡಿಸೆಂಬರ್ 31ರ ರಾತ್ರಿ ಹೆದ್ದಾರಿ ಬದಿಯ ಹೋಟೆಲಿನ ಪಾರ್ಟಿ, ಇಂಥವಕ್ಕೆ.

ಕುಡಿದವರಿಂದಲೇ ಜಗಳ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. 1990ರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ರಾಸ್ ಹೋಮೆಲ್ ಮತ್ತು ಸಂಗಡಿಗರು ಪಬ್, ನೈಟ್‌ಕ್ಲಬ್‌ಗಳಲ್ಲಿ ರಾತ್ರಿ ಕೂತು ಹೊಡೆದಾಟಗಳನ್ನು ಗಮನಿಸಿದರು. ಕುಡಿತದ ಜೊತೆಗೆ ಇಕ್ಕಟ್ಟು, ಬೇಸರ ಹಿಡಿಸುವ ಮನರಂಜನೆ, ಬೌನ್ಸರ್‌ಗಳ ಒರಟುತನ ಸೇರಿದ ಕಡೆಯೇ ಹೊಡೆದಾಟ ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ಯಾರು ಎಲ್ಲಿ ಕುಡಿದು ಬರುತ್ತಾರೆ ಎಂಬುದು ಕಮಿಟಿಯ ಕೈಯಲ್ಲಿಲ್ಲ. ಉಳಿದ ಮೂರೂ ಇವೆ.

ಮೊದಲು ಕಾಗದ, ಆಮೇಲೆ ಅಡ್ವಾನ್ಸ್

ಡಿ.ಜೆ.ಯವನಿಗೆ ಅಡ್ವಾನ್ಸ್ ಕೊಟ್ಟ ಮೇಲೆ ಠಾಣೆಗೆ ಹೋಗುವುದು ನಮ್ಮಲ್ಲಿ ರೂಢಿ. ಅದನ್ನು ತಿರುಗಿಸಿ. ಆ ವರ್ಷ ಡಿ.ಜೆ.ಗೆ ಅನುಮತಿ ಇದೆಯೇ, ಮಾರ್ಗ ಯಾವುದು, ಎಷ್ಟು ಹೊತ್ತಿಗೆ ಮುಗಿಸಬೇಕು ಎಂಬುದನ್ನು ಹಬ್ಬಕ್ಕೆ ಮುಂಚೆ ಪೊಲೀಸರು ಕರೆಯುವ ಶಾಂತಿ ಸಭೆಯಲ್ಲೇ ಕೇಳಿ ಬರೆದುಕೊಳ್ಳಿ. 2000ರ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ರಾಜ್ಯ ಸರ್ಕಾರ ಹಬ್ಬದ ಸಲುವಾಗಿ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಸಾರ್ವಜನಿಕ ಜಾಗದ ಅಂಚಿನಲ್ಲಿ ಶಬ್ದ ಎಲ್ಲೂ 75 ಡೆಸಿಬಲ್ ದಾಟಬಾರದು, ಕೆಲವೆಡೆ ಮಿತಿ ಇನ್ನೂ ಕಡಿಮೆ. ನಮ್ಮ ಟ್ರ್ಯಾಕ್ಟರ್ ಡಿ.ಜೆ.ಗಳು ಇದನ್ನು ಪಾಲಿಸಿದ್ದನ್ನು ನೋಡಿದವರು ಅಪರೂಪ, ಬಿಡಿ. ಆದರೂ ಸಮಯದ ಮಿತಿ ಬರೆದ ಕಾಗದ ಕೈಯಲ್ಲಿದ್ದರೆ 'ಇನ್ನೊಂದು ಹಾಡು' ಎಂದು ಮೈಮೇಲೆ ಬೀಳುವವರಿಗೆ ತೋರಿಸಲು ಒಂದು ನೆಪ ಸಿಗುತ್ತದೆ. ಕಮಿಟಿಯವರು ಕೆಟ್ಟವರಾಗಬೇಕಿಲ್ಲ, ಕಾಗದ ಆಗಲಿ.

ಹಾಡಿನ ಪಟ್ಟಿ

ಬಂದೋಬಸ್ತಿನ ಮೊದಲ ಮನುಷ್ಯ ಲಾಠಿ ಹಿಡಿದವನಲ್ಲ, ಮಿಕ್ಸರ್ ಮುಂದೆ ಕೂತವನು. ಅವನು ಬೇರೆ ಊರಿನವನಾಗಿದ್ದರೆ ನಿಮ್ಮ ಊರಿನ ನಾಡಿ ಅವನಿಗೆ ತಿಳಿಯದು. ಯಾವ ನಟನ ಹಾಡಿಗೆ ಯಾವ ಕೇರಿ ಎದ್ದು ನಿಲ್ಲುತ್ತದೆ, ಯಾವ ಹಾಡು ಹಾಕಿದರೆ ಇನ್ನೊಂದು ಗುಂಪು ಮುಖ ಗಂಟಿಕ್ಕುತ್ತದೆ ಎಂಬುದು ಗೊತ್ತಿರುವವರು ನೀವು. ಹಾಗಾಗಿ ಪಟ್ಟಿ ನೀವೇ ಮಾಡಿ, ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಿ, ಅದರಾಚೆ ಒಂದು ಹಾಡೂ ಬೇಡ ಎಂದು ಕರಾರಿನಲ್ಲೇ ಬರೆಸಿ.

ಪಟ್ಟಿಯಿಂದ ಮೊದಲು ತೆಗೆಯಬೇಕಾದ್ದು ಯಾರನ್ನಾದರೂ ಕೆಣಕುವ ಹಾಡು. ಜಾತಿಯ ಹೆಸರೆತ್ತಿ ಮೀಸೆ ತಿರುವುವುದು, ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬನವರಿಗೆ ತೊಡೆ ತಟ್ಟುವ ಡೈಲಾಗ್ ರೀಮಿಕ್ಸ್, ಇನ್ನೊಂದು ಧರ್ಮದವರ ಮನೆ ಮುಂದೆ ಬೇಕೆಂದೇ ಹಾಕುವ ಹಾಡು, ಯಾವುದೂ ಬೇಡ. ಮಸೀದಿ, ಚರ್ಚು, ಮತ್ತೊಂದು ಸಮುದಾಯದ ಗುಡಿ ಬಂದಾಗ ದನಿ ತಗ್ಗಿಸಿದರೆ ಸಾಲದು, ಅಲ್ಲಿ ನಿಲ್ಲದೆ ಸಾಗಬೇಕು. ನಿಂತರೆ ಅದಕ್ಕೊಂದು ಅರ್ಥ ಹುಟ್ಟಿಕೊಳ್ಳುತ್ತದೆ. ಪುನೀತ್ ರಾಜ್‌ಕುಮಾರ್ ಹಾಡಿಗೆ ನಮ್ಮ ಕಡೆ ಯಾವ ಗುಂಪೂ ತಕರಾರು ತೆಗೆಯುವುದಿಲ್ಲ. ಬಿಸಿ ಏರಿದಾಗ ಹಾಕಲು ಅಂಥ ಎರಡು ನಿಧಾನದ ಹಾಡು ಪ್ರತ್ಯೇಕವಾಗಿ ಎತ್ತಿಟ್ಟಿರಿ.

ಇನ್ನು ಕ್ರಮ. ಶುರುವಿಗೇ ಅಬ್ಬರದ ಬೀಟ್ ಹಾಕಿದರೆ ವಿಸರ್ಜನೆ ಹೊತ್ತಿಗೆ ಹುಡುಗರಿಗೆ ಏರಲು ಜಾಗವೇ ಉಳಿಯುವುದಿಲ್ಲ, ಉಳಿಯುವುದು ರೇಗಾಟ ಮಾತ್ರ. ಡೊಳ್ಳು, ತಮಟೆ, ಉರುಮೆಯಿಂದ ಹೊರಡಿ. ಊರು ದಾಟುವ ನಡುವಿನ ಹೊತ್ತಲ್ಲಿ ಡಿ.ಜೆ. ಇರಲಿ. ಮೂರು ಜೋರು ಹಾಡಿಗೆ ಒಂದು ನಿಧಾನದ್ದು ಎಂಬ ಲೆಕ್ಕ ಇಟ್ಟುಕೊಳ್ಳಿ. ಅಷ್ಟರಲ್ಲಿ ಹುಡುಗರು ನೀರು ಕುಡಿಯುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ, ಪಕ್ಕದವನ ಮುಖ ನೋಡುತ್ತಾರೆ. ಕೊನೆಯ ಅರ್ಧ ಗಂಟೆ ಮತ್ತೆ ಭಜನೆ, ಮಂಗಳವಾದ್ಯ. ಜೋರು ಹಾಡಿನ ತುದಿಯಲ್ಲಿ ಏಕಾಏಕಿ ನಿಲ್ಲಿಸಿದರೆ ಕಾವು ಇಳಿಯದ ನೂರು ಜನರನ್ನು ಕತ್ತಲ ರಸ್ತೆಗೆ ಬಿಟ್ಟಂತೆ.

ನನ್ನನ್ನು ಕೇಳಿದರೆ ಡೊಳ್ಳಿನ ತಂಡವೇ ಒಳ್ಳೆಯದು ಎಂದೇನೆ. ಸಂಪ್ರದಾಯದ ಮೋಹದಿಂದಲ್ಲ. ಡೊಳ್ಳು ಬಡಿಯುವವನ ತೋಳು ಸೋಲುತ್ತದೆ, ಅವನು ಆಗಾಗ ನಿಲ್ಲಲೇಬೇಕು. ಎದುರಿನ ಗುಂಪು ಅವನ ಕಣ್ಣಿಗೆ ಕಾಣುತ್ತದೆ, ತಳ್ಳಾಟ ಕಂಡರೆ ಗತಿ ಬದಲಿಸುತ್ತಾನೆ. ಜನರೇಟರಿಗೆ ಈ ಯಾವುದೂ ಇಲ್ಲ. ಆದರೆ ಹುಡುಗರು ಚಂದಾ ಎತ್ತುವುದೇ ಡಿ.ಜೆ.ಗೆ ಎಂಬುದೂ ಗೊತ್ತು.

ದನಿ ಎಷ್ಟಿರಬೇಕು ಎಂಬುದಕ್ಕೆ ಒಂದು ಪರೀಕ್ಷೆ ಹೇಳುತ್ತೇನೆ. ಕುಣಿತದ ನಡುವೆ ಒಬ್ಬನ ಕಾಲು ಇನ್ನೊಬ್ಬ ತುಳಿದ. 'ಗೊತ್ತಾಗ್ಲಿಲ್ಲ ಕಣಣ್ಣ' ಎಂದದ್ದು ತುಳಿಸಿಕೊಂಡವನಿಗೆ ಕೇಳಿಸಬೇಕು. ಕೇಳಿಸದಿದ್ದರೆ ಅವನಿಗೆ ಕಾಣುವುದು ಬಾಯಿ ದೊಡ್ಡದು ಮಾಡಿ ಕಿರುಚುವ ಮುಖ ಮಾತ್ರ. ಜೋರು ಸಂಗೀತಕ್ಕೂ ಕುಡಿತಕ್ಕೂ ನಂಟಿದೆ. ಫ್ರಾನ್ಸಿನ ಬಾರ್‌ಗಳಲ್ಲಿ ನಿಕೊಲಾ ಗೆಗೆನ್ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಂಗೀತವನ್ನು 72ರಿಂದ 88 ಡೆಸಿಬಲ್‌ಗೆ ಏರಿಸಿದಾಗ ಗಿರಾಕಿಗಳು ಬಿಯರನ್ನು ಬೇಗ ಬೇಗ, ಹೆಚ್ಚು ಕುಡಿದರು. ಹೊಸ ವರ್ಷದ ಪಾರ್ಟಿ ಮಾಡುವ ಹೋಟೆಲಿನವರು ಗಲ್ಲಾ ಪೆಟ್ಟಿಗೆಯ ದೃಷ್ಟಿಯಿಂದ ಇದನ್ನು ಓದದಿದ್ದರೆ ಸಾಕು.

ಜಾಗ ಮತ್ತು ಹಗ್ಗ

ಕುಣಿಯುವ ಜಾಗಕ್ಕೆ ಹಗ್ಗದ ಚೌಕ ಕಟ್ಟಿ. ನಾಲ್ಕು ಮೂಲೆಗೆ ಸ್ವಯಂಸೇವಕರು ಹಿಡಿದು ಮೆರವಣಿಗೆಯ ಜೊತೆ ನಡೆಯಲಿ. 30 ಅಡಿ ಅಗಲದ ರಸ್ತೆಯಲ್ಲಿ 40 ಅಡಿ ಉದ್ದ ಬಿಟ್ಟರೆ ಸುಮಾರು 110 ಚದರ ಮೀಟರ್. ಕುಣಿಯುವವನಿಗೆ ತಲಾ ಅರ್ಧ ಚದರ ಮೀಟರ್ ಬೇಕೆಂದರೆ ಇನ್ನೂರು ಜನ ಹಿಡಿಸುತ್ತಾರೆ. ಅದಕ್ಕಿಂತ ಹೆಚ್ಚಾದರೆ ಚೌಕ ಉದ್ದ ಮಾಡಿ. ಹೆಂಗಸರು, ಮಕ್ಕಳು ಈ ಚೌಕದ ಹಿಂದೆ, ಡೊಳ್ಳಿನ ತಂಡದ ಜೊತೆ. ಟ್ರ್ಯಾಕ್ಟರ್ ಚಕ್ರದ ಎರಡೂ ಬದಿಗೆ ಒಬ್ಬೊಬ್ಬರು ನಿಲ್ಲಲೇಬೇಕು.

ಮೆರವಣಿಗೆ ಸಾಗುತ್ತಿರುವಾಗ ಜಗಳ ಕಡಿಮೆ, ನಿಂತಾಗ ಹೆಚ್ಚು. ವೃತ್ತದಲ್ಲಿ ಎರಡು ಗಣಪತಿಗಳು ಎದುರುಬದುರಾಗಿ 'ನಮ್ಮದು ಮೊದಲು' ಎನ್ನುವುದು ಹಳೆಯ ಕಥೆ. ಹಿಂದಿನ ದಿನವೇ ಎರಡೂ ಕಮಿಟಿಯ ಹಿರಿಯರು ಕೂತು ಹೊತ್ತು ಹಂಚಿಕೊಂಡರೆ ಮುಗಿಯಿತು.

ಹಿರಿಯೂರಿನಂತೆ ಹೆದ್ದಾರಿಗೆ ಅಂಟಿಕೊಂಡ ಊರುಗಳಲ್ಲಿ, ಹೊಳಲ್ಕೆರೆಯಲ್ಲಿ ಶಿವಮೊಗ್ಗ ರಸ್ತೆಗೆ ಬರುವವರಿಗೆ, ವಾಹನದ ಮಾತು ಬೇರೆಯೇ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ಜಿಲ್ಲೆಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ಮೆರವಣಿಗೆಗೆ ಲಾರಿ ನುಗ್ಗಿ ಹಲವರು ಸತ್ತರು. ಪೊಲೀಸರ ಬ್ಯಾರಿಕೇಡ್ ಬೀಳುವವರೆಗೆ ದೊಡ್ಡ ರಸ್ತೆಗೆ ಕಾಲಿಡಬೇಡಿ.

ರಸಮಂಜರಿಗಾದರೆ ಜನರನ್ನು ಕೂರಿಸಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪ್ರತಿ ನವೆಂಬರ್‌ನ ನಾಟಕೋತ್ಸವಕ್ಕೆ ಹಳ್ಳಿಹಳ್ಳಿಯಿಂದ ಬರುವ ಜನ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕೂತು ನೋಡುತ್ತಾರೆ. ಮುಂದಿನವನ ತಲೆ ಅಡ್ಡ ಬಾರದಿದ್ದರೆ ಅರ್ಧ ತಂಟೆ ಕಡಿಮೆ. ಮೆಟ್ಟಿಲಿಲ್ಲದ ಮೈದಾನದಲ್ಲಿ ವೇದಿಕೆ ಎತ್ತರಿಸಿ, ನಡುವೆ ಓಡಾಡಲು ದಾರಿ ಬಿಡಿ. 'ಒನ್ಸ್ ಮೋರ್' ಚೀಟಿಗಳು ಒಬ್ಬರ ಕೈಗೆ ಮಾತ್ರ ಬರಲಿ. ನೋಟು ಹಿಡಿದು ವೇದಿಕೆ ಹತ್ತುವುದನ್ನು ಮೊದಲ ಸಲವೇ ತಡೆಯಿರಿ, ಎರಡನೆಯವನನ್ನು ತಡೆದರೆ ಅವನಿಗೆ ಅವಮಾನ.

ಜಗಳ ಎದ್ದಾಗ

ಸ್ವಯಂಸೇವಕರು ಪ್ರತಿ ಕೇರಿಯಿಂದ ಇರಲಿ, ಜೋಡಿಯಾಗಿ ನಿಲ್ಲಲಿ, ಒಬ್ಬರೂ ಕುಡಿದಿರಬಾರದು. ಮೈಕಟ್ಟಿಗಿಂತ ಪರಿಚಯ ಮುಖ್ಯ. ಹುಡುಗನ ಮಾವನೋ ಪ್ರೈಮರಿ ಶಾಲೆಯ ಮೇಷ್ಟ್ರೋ ಹೆಗಲ ಮೇಲೆ ಕೈ ಹಾಕಿದರೆ ಬಾಡಿಗೆ ಬೌನ್ಸರ್‌ಗಿಂತ ಬೇಗ ಕೆಲಸವಾಗುತ್ತದೆ. ಬೌನ್ಸರ್‌ಗಳನ್ನೇ ತರುವುದಾದರೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯಡಿ ಲೈಸೆನ್ಸ್ ಇರುವವರಿಂದ ತನ್ನಿ. ಅವರಿಗೆ ಪೊಲೀಸರ ಅಧಿಕಾರವಿಲ್ಲ. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಯಾರೇ ಹಿಡಿದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿ.ಎನ್.ಎಸ್.ಎಸ್.) 40ನೇ ಕಲಮಿನಂತೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವಂತಿಲ್ಲ.

ಇಬ್ಬರು ಮುಖ ಮುಖ ನೋಡಿ ನಿಂತರೆ ಎದುರಿಗೆ ಹೋಗಿ ನಿಲ್ಲಬೇಡಿ. ಪಕ್ಕದಿಂದ, ಅಂಗೈ ತೆರೆದು ಹೋಗಿ. ಕಾಲರ್ ಮುಟ್ಟಬೇಡಿ. 'ಬಾರಪ್ಪ, ಒಂದ್ ಲೋಟ ನೀರು ಕುಡಿ' ಎಂದರೆ ಸಾಕು. ತಪ್ಪು ಯಾರದು ಎಂಬ ಪಂಚಾಯಿತಿ ಆಗ ಬೇಡ. ಹೆಚ್ಚು ಕೂಗಾಡುವವನನ್ನಲ್ಲ, ಹೆಚ್ಚು ಮಾತು ಕೇಳುವವನನ್ನು ಮೊದಲು ಆಚೆ ಕರೆದೊಯ್ಯಿರಿ. ಎದುರಾಳಿ ಇಲ್ಲದಿದ್ದರೆ ಕೂಗಾಟ ತಾನೇ ಬತ್ತುತ್ತದೆ. ಇಬ್ಬರನ್ನೂ ಒಂದೇ ಗೇಟಿನಿಂದ ಹೊರಹಾಕುವ ಹೋಟೆಲಿನವರು ಜಗಳವನ್ನು ಪಾರ್ಕಿಂಗ್‌ಗೆ ಸಾಗಿಸುತ್ತಾರೆ, ಅಷ್ಟೇ.

ಈ ಹೊತ್ತಲ್ಲಿ ಡಿ.ಜೆ.ಯವನು ಹಾಡನ್ನು ಪಕ್ಕನೆ ನಿಲ್ಲಿಸಬಾರದು. ನಿಲ್ಲಿಸಿದರೆ ಇನ್ನೂರು ತಲೆ ಜಗಳದ ಕಡೆ ತಿರುಗುತ್ತವೆ. ಮೈಕಿನಲ್ಲಿ 'ಅಲ್ಲಿ ಗಲಾಟೆ ಮಾಡಬೇಡಿ' ಎನ್ನುವುದೂ ಬೇಡ. ನಿಧಾನಕ್ಕೆ ದನಿ ಇಳಿಸಿ, ಎತ್ತಿಟ್ಟ ಹಾಡು ಹಾಕಿ, ಟ್ರ್ಯಾಕ್ಟರ್ ಇಪ್ಪತ್ತು ಹೆಜ್ಜೆ ಮುಂದೆ ಸಾಗಿಸಿ. ಜನ ಹಾಡಿನ ಹಿಂದೆ ಹೋಗುತ್ತಾರೆ. ನೂಕುನುಗ್ಗಲಾಗಿ ಯಾರಾದರೂ ಬಿದ್ದಿದ್ದರೆ, ಚಾಕು ಹೊರಬಂದಿದ್ದರೆ ಮಾತ್ರ ತಕ್ಷಣ ಎಲ್ಲ ಬಂದ್, ಎಲ್ಲ ದೀಪ ಆನ್, 112ಕ್ಕೆ ಕರೆ. ದನಿ ಇಳಿಸಲು ಒಂದು, ಎಲ್ಲ ಬಂದ್ ಮಾಡಲು ಇನ್ನೊಂದು ಕೈಸನ್ನೆ ಮೊದಲೇ ಮಾತಾಡಿಕೊಂಡಿರಿ, ಫೋನ್ ರಿಂಗು ಅಲ್ಲಿ ಕೇಳಿಸುವುದಿಲ್ಲ.

ಹುಡುಗರಿಗೆ ಶಾಂತಿಯ ಉಪದೇಶಕ್ಕಿಂತ ಇದು ನಾಟುತ್ತದೆ: ಬೀದಿ ಜಗಳಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಬಿ.ಎನ್.ಎಸ್.) 194ರಡಿ ಶಿಕ್ಷೆ ಒಂದು ತಿಂಗಳವರೆಗಿನ ಜೈಲು, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ, ಅಷ್ಟೇ ಇರಬಹುದು, ಆದರೆ ಪೊಲೀಸ್ ಪೇದೆ ಹುದ್ದೆಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕಿದ ದಿನ ಆ ಎಫ್‌ಐಆರ್ ಎದ್ದು ಬರುತ್ತದೆ.

ವಿಸರ್ಜನೆಯ ಜಾಗದಲ್ಲಿ ಬೆಳಕಿರಲಿ. ಈಜು ಬಲ್ಲ, ಕುಡಿಯದ ನಾಲ್ವರು ಬಿಟ್ಟು ಯಾರೂ ನೀರಿಗಿಳಿಯುವುದು ಬೇಡ. ಪ್ರಸಾದವನ್ನು ಅಲ್ಲೇ ಕೊಡಿ, ಜನ ಒಟ್ಟಿಗೇ ಹೊರಡದೆ ಚದುರಿ ಹೋಗುತ್ತಾರೆ. ಇನ್ನು ಎಲ್ಲರೂ ಮರೆಯುವ ಒಂದು ಕೆಲಸ: ಪೊಲೀಸರು ಹೊರಟ ಮೇಲೆ, ಹಿರಿಯರು ಮನೆಗೆ ಹೋದ ಮೇಲೆ, ಖಾಲಿ ಟ್ರೈಲರ್ ಊರಿಗೆ ಮರಳುವಾಗ 'ಒಂದೇ ಒಂದು' ಎಂದು ಡಿ.ಜೆ. ಹಚ್ಚದಂತೆ ನೋಡಿಕೊಳ್ಳುವುದು. ಅದಕ್ಕೇ ಜನರೇಟರಿನ ಬೀಗದ ಕೈ ವಿಸರ್ಜನೆಯಾದ ಕೂಡಲೇ ಕಮಿಟಿ ಅಧ್ಯಕ್ಷರ ಜೇಬಿಗೆ ಬರಲಿ, ಡಿ.ಜೆ.ಯವನ ಬಾಕಿ ದುಡ್ಡು ಮಾರನೇ ದಿನ ಬೆಳಿಗ್ಗೆ ಕೊಡಿ.