ರಂಗದ ಹಾಡು ಮನೆಯ ಪರದೆಗೆ ಬಂದಾಗ

ಪ್ರಶ್ನೆ: ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ‘ಲೆ ಮಿಸರಾಬ್ಲ್’ ಸಂಗೀತ ನಾಟಕ ನೋಡಿದ್ದೆ. ಆ ಕಂಠಗಳು ಇನ್ನೂ ಕಿವಿಯಲ್ಲಿವೆ. ಈಚೆಗೆ ಅದರ ಸಿನಿಮಾವನ್ನು ಮನೆಯಲ್ಲಿ ಹಾಕಿಕೊಂಡು ನೋಡಿದೆ, ನಿರಾಸೆಯಾಯಿತು. ನಟರು ಬಿಕ್ಕುತ್ತಾರೆ, ಅರ್ಧ ಮಾತು ಅರ್ಧ ರಾಗ ಮಾಡುತ್ತಾರೆ. ಒಳ್ಳೆಯ ಗಾಯಕರು ಸಿಗಲಿಲ್ಲವೇ?
– ಓದುಗರು, ಮೈಸೂರು

ಉತ್ತರ: ಗಾಯಕರಿಗೆ ಬರವಿರಲಿಲ್ಲ. ನಿರ್ದೇಶಕ ಟಾಮ್ ಹೂಪರ್ ಬೇಕೆಂದೇ ಹೀಗೆ ಹಾಡಿಸಿದರು. ಸಿನಿಮಾದ ಹಾಡೆಂದರೆ ಸಾಮಾನ್ಯವಾಗಿ ಸ್ಟುಡಿಯೋದಲ್ಲಿ ಮೊದಲೇ ಮುದ್ರಣವಾಗಿರುತ್ತದೆ, ಚಿತ್ರೀಕರಣದಲ್ಲಿ ನಟರು ತುಟಿ ಆಡಿಸುತ್ತಾರೆ. 2012ರ ಈ ಚಿತ್ರದಲ್ಲಿ ನಟರು ಕ್ಯಾಮೆರಾದ ಮುಂದೆಯೇ ಹಾಡಿದರು. ಅವರ ಕಿವಿಯೊಳಗಿನ ಇಯರ್‌ಪೀಸಿನಲ್ಲಿ ಪಿಯಾನೊ ಮಾತ್ರ ಕೇಳುತ್ತಿತ್ತು; ವಾದ್ಯವೃಂದ ಸೇರಿದ್ದು ಆಮೇಲೆ. ನಮ್ಮ ಕಂಪನಿ ನಾಟಕದ ಹಾರ್ಮೋನಿಯಂ ಮಾಸ್ತರರ ಹಾಗೆ, ನಟ ಎಳೆದಷ್ಟು ಎಳೆದು ನಿಂತಲ್ಲಿ ನಿಲ್ಲುವ ಕೆಲಸ ಪಿಯಾನೊದವರದಾಗಿತ್ತು.

ರಂಗದಲ್ಲಿ ಕೆಲಸ ಕಳೆದುಕೊಂಡ ತಾಯಿ ಫಾಂಟೀನಳ ಅಳಲು ಬಾಲ್ಕನಿಯ ಕೊನೆಯ ಸಾಲಿಗೂ ಮುಟ್ಟಬೇಕು. ಆ ಕೆಲಸ ಕಂಠದ್ದು. ಸಿನಿಮಾದಲ್ಲಿ ಕ್ಯಾಮೆರಾ ಫಾಂಟೀನ್ ಪಾತ್ರದ ಆನ್ ಹ್ಯಾಥವೇ ಅವರ ಮುಖದ ಹತ್ತಿರವೇ ನಿಂತು, ಹಾಡಿನ ಬಹುಪಾಲನ್ನು ಕತ್ತರಿಸದೆ ತೋರಿಸುತ್ತದೆ. ಅಷ್ಟು ಹತ್ತಿರದಲ್ಲಿ ತುಂಬು ಕಂಠ ಅಬ್ಬರವೆನಿಸುತ್ತಿತ್ತು. ಆ ಪಾತ್ರಕ್ಕೆ ಅವರಿಗೆ ಪೋಷಕ ನಟಿಯ ಆಸ್ಕರ್ ಬಂತು. ಆದರೆ ಈ ಕ್ರಮ ಎಲ್ಲರಿಗೂ ಒಗ್ಗಿಲ್ಲ. ಪೊಲೀಸ್ ಅಧಿಕಾರಿ ಜಾವೆರ್ ಪಾತ್ರಕ್ಕೆ ಬೇಕಾದ ಗಡಸು ರಸೆಲ್ ಕ್ರೋ ಅವರ ಹಾಡಿಕೆಯಲ್ಲಿ ಇಲ್ಲವೆಂದೇ ನನಗೂ ಅನ್ನಿಸುತ್ತದೆ.

ಇನ್ನೊಮ್ಮೆ ನೋಡುವಾಗ ಬಿಷಪ್ಪರನ್ನು ಗಮನಿಸಿ. ಆ ಪಾತ್ರ ಮಾಡಿದ ಕಾಲಮ್ ವಿಲ್ಕಿನ್ಸನ್, 1985ರ ಲಂಡನ್ ಪ್ರಯೋಗದಲ್ಲಿ ಕಥಾನಾಯಕ ವಾಲ್‌ಜಾನ್ ಪಾತ್ರವನ್ನು ಮೊದಲು ಮಾಡಿದವರು.

ಪ್ರಶ್ನೆ: ನಾಟಕದ ಧ್ವನಿಮುದ್ರಿಕೆ ನನಗೆ ಬಾಯಿಪಾಠ. ಸಿನಿಮಾದಲ್ಲಿ ಹಾಡುಗಳು ಹಿಂದುಮುಂದಾಗಿವೆ, ಕೇಳದ ಹಾಡೊಂದು ನುಸುಳಿದೆ. ಮೆಚ್ಚಿನ ಕೃತಿಯನ್ನು ಹೀಗೆ ಕಲಕಬಹುದೇ?
– ಓದುಗರು, ದಾವಣಗೆರೆ

ಉತ್ತರ: ಆ ಹೊಸ ಹಾಡು ‘ಸಡನ್ಲಿ’. ಅದನ್ನು ಸೇರಿಸಿದವರು ಮೂಲ ಕರ್ತೃಗಳೇ ಆದ ಕ್ಲೋದ್ ಮಿಷೆಲ್ ಶೋನ್‌ಬರ್ಗ್ ಮತ್ತು ಆಲಾಂ ಬೂಬ್ಲಿಲ್, ಗೀತರಚನಕಾರ ಹರ್ಬರ್ಟ್ ಕ್ರೆಟ್ಜ್‌ಮರ್ ಜೊತೆಗೂಡಿ. ಈ ನಾಟಕವಾದರೂ ಒಂದೇ ರೂಪದಲ್ಲಿ ನಿಂತದ್ದಲ್ಲ. ವಿಕ್ಟರ್ ಹ್ಯೂಗೊ 1862ರಲ್ಲಿ ಪ್ರಕಟಿಸಿದ ಕಾದಂಬರಿ 1980ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂತು. ಲಂಡನ್ನಿಗೆ ಬರುವಾಗ ಅದಕ್ಕೆ ಹೊಸ ಪೀಠಿಕೆ ಸೇರಿತು.

ಹಾಡಿನ ಜಾಗ ಬದಲಾದದ್ದಕ್ಕೂ ಕಾರಣವಿದೆ. ಫಾಂಟೀನಳ ಹಾಡು ರಂಗದಲ್ಲಿ ಅವಳು ಕೆಲಸ ಕಳೆದುಕೊಂಡ ಕೂಡಲೇ ಬರುತ್ತದೆ. ಸಿನಿಮಾದಲ್ಲಿ ಕೂದಲು, ಹಲ್ಲು, ಕೊನೆಗೆ ದೇಹವನ್ನೂ ಮಾರಿಕೊಂಡ ಮೇಲೆ. ಅದೇ ಹಾಡು ಈಗ ಇನ್ನಷ್ಟು ಭಾರವಾಗುತ್ತದೆ. ಜನರ ಹೋರಾಟದ ಹಾಡನ್ನು ಜನಪ್ರಿಯ ಸೇನಾನಿ ಜನರಲ್ ಲಮಾರ್ಕ್ ಅವರ ಶವಯಾತ್ರೆಗೆ ತಂದದ್ದೂ ಸರಿಯೇ. ಬೀದಿ ತುಂಬ ಜನರನ್ನು ತೋರಿಸುವ ಅನುಕೂಲ ಸಿನಿಮಾಕ್ಕೆ ಇದೆ. ಬದಲಾವಣೆ ತಪ್ಪಲ್ಲ, ಫಲ ಕೊಡದ ಬದಲಾವಣೆ ತಪ್ಪು.

ಪ್ರಶ್ನೆ: ಇದು ಫ್ರೆಂಚ್ ಕ್ರಾಂತಿಯ ಕಥೆಯೇ?
– ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: 1789ರ ಕ್ರಾಂತಿಯದಲ್ಲ. ಇಲ್ಲಿ ಬರುವುದು 1832ರ ಜೂನ್‌ನಲ್ಲಿ ಪ್ಯಾರಿಸ್ಸಿನಲ್ಲಿ ಎದ್ದ ದಂಗೆ. ಲಮಾರ್ಕ್ ಶವಯಾತ್ರೆಯಂದು ಶುರುವಾಗಿ ಮರುದಿನವೇ ಅಡಗಿತು.

ಪ್ರಶ್ನೆ: ವಯಸ್ಸಾದ ತಂದೆ ತಾಯಿ ಜೊತೆ ಕೂತು ನೋಡಬೇಕೆಂದಿದ್ದೇವೆ. ಟಿವಿಯಲ್ಲಿ ಪಿಸುಮಾತು ಕೇಳುವುದೇ ಇಲ್ಲ, ಕೋರಸ್ ಬಂದರೆ ಕಿವಿ ಒಡೆಯುತ್ತದೆ. ಏನು ಮಾಡಬೇಕು?
– ಓದುಗರು, ಬೆಂಗಳೂರು

ಉತ್ತರ: ಚಿತ್ರಮಂದಿರದ ದೊಡ್ಡ ಸ್ಪೀಕರುಗಳಿಗೆಂದು ಹದ ಮಾಡಿದ ಧ್ವನಿ ಟಿವಿಯ ಪುಟ್ಟ ಸ್ಪೀಕರಿಗೆ ಹೊಂದುವುದಿಲ್ಲ. ಆಡಿಯೋ ಆಯ್ಕೆಯಲ್ಲಿ 5.1 ಇದ್ದರೆ ಸ್ಟೀರಿಯೊಗೆ ಬದಲಿಸಿ. ‘ನೈಟ್ ಮೋಡ್’ ಇದ್ದರೆ ಹಾಕಿ. ಸಣ್ಣ ಸದ್ದು ಏರುತ್ತದೆ, ದೊಡ್ಡದು ಇಳಿಯುತ್ತದೆ. ಸೌಂಡ್‌ಬಾರ್ ಇದ್ದರೆ ಇನ್ನೂ ಒಳ್ಳೆಯದು. ಚಿತ್ರದಲ್ಲಿ ಬರಿಯ ಮಾತು ತೀರ ಕಡಿಮೆ, ಕಥೆ ಹಾಡಿನಲ್ಲೇ ಸಾಗುತ್ತದೆ. ಆದ್ದರಿಂದ ಸಬ್‌ಟೈಟಲ್ ಹಾಕಿಕೊಳ್ಳಲು ಸಂಕೋಚ ಬೇಡ. ಚಿತ್ರ ಧಾರಾವಾಹಿಯಂತೆ ಕಂಡರೆ ‘ಮೋಷನ್ ಸ್ಮೂತಿಂಗ್’ ಆಫ್ ಮಾಡಿ.

ಎರಡೂವರೆ ಗಂಟೆಗೂ ಹೆಚ್ಚಿನ ಚಿತ್ರ, ಮಧ್ಯಂತರವಿಲ್ಲ. ಹಲವು ಪಾತ್ರಗಳು ನಾಳೆಯ ದಿನವನ್ನು ನೆನೆದು ಒಟ್ಟಾಗಿ ಹಾಡುವ ‘ಒನ್ ಡೇ ಮೋರ್’ ಮುಗಿದಾಗ ನಿಲ್ಲಿಸಿ, ಕಾಫಿ ಕುಡಿಯಿರಿ. ನಾಟಕದ ಮೊದಲ ಅಂಕ ಮುಗಿಯುವುದೂ ಅಲ್ಲಿಯೇ. ಅದಕ್ಕಿಂತ ಮುಂಚೆ ಫೋನು, ಬಾಗಿಲು, ಕುಕ್ಕರು ಯಾವುದಕ್ಕೂ ಏಳಬೇಡಿ. ಹಾಡಿನ ನಡುವೆ ನಿಲ್ಲಿಸಿದರೆ ಭಾವದ ಏರು ಮತ್ತೆ ಕೈಗೆ ಸಿಗದು.

ಪ್ರಶ್ನೆ: ನಾಟಕವನ್ನು ನೋಡಿಲ್ಲ, ನೋಡುವ ಅವಕಾಶವೂ ಇಲ್ಲ. ಸಿನಿಮಾ ನೋಡಿದರೆ ಸಾಕೇ?
– ಗೃಹಿಣಿ, ಶಿರಸಿ

ಉತ್ತರ: ಕಥೆ ತಿಳಿಯಲು ಸಾಕು, ಸಂಗೀತದ ಪೂರ್ಣ ಶಕ್ತಿ ತಿಳಿಯಲು ಸಾಲದು. ಲಂಡನ್ನಿನ ಒ2 ಅರೀನಾದಲ್ಲಿ 2010ರಲ್ಲಿ ನಡೆದ 25ನೇ ವರ್ಷದ ಸಂಗೀತ ಕಛೇರಿಯ ಚಿತ್ರೀಕರಣವಿದೆ. ಅದರಲ್ಲಿ ವಾಲ್‌ಜಾನ್ ಆಗಿ ಹಾಡಿದವರು ಆಲ್ಫಿ ಬೋ. ಅಲ್ಲಿ ನಟರು ಮೈಕಿನ ಮುಂದೆ ನಿಂತು ಹಾಡುತ್ತಾರೆ, ಅಭಿನಯ ಮಿತ. ಆದರೆ ಕಂಠ ಪೂರ್ತಿ. ಮೊದಲು ಸಿನಿಮಾ ನೋಡಿ, ಕೆಲವು ದಿನ ಬಿಟ್ಟು ಕಛೇರಿ ಕೇಳಿ. ಮುಖಕ್ಕೆ ಸಿನಿಮಾ, ಕಂಠಕ್ಕೆ ರಂಗ: ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯದಿದ್ದರೆ ಎರಡೂ ನಿಮ್ಮವೇ.